ಒಂದೊಂದೇ ಅಕ್ಕನ ಎಂಟು ದಿನ

ಕೈಗೊಂದು ಸ್ಕ್ರೂಡ್ರೈವರ್ ಸಿಕ್ಕಿದ ಕೂಡಲೇ ಕೆಲವರಿಗೆ ತಾವೇ ದೊಡ್ಡ ರಿಪೇರಿಯವರು ಅನ್ನಿಸಿಬಿಡುತ್ತದೆ. ನಾನು ಆ ಜಾತಿಯವನು. ನಮ್ಮ ಕಚೇರಿಯಲ್ಲಿ ಪ್ರಿಂಟರ್ ಮುನಿಸಿಕೊಂಡರೆ, ಮೌಸ್ ಓಡದಿದ್ದರೆ, ಪೆನ್‌ಡ್ರೈವ್ ಕಾಣಿಸದಿದ್ದರೆ ಎಲ್ಲರೂ ಕೂಗುತ್ತಿದ್ದುದು ನನ್ನನ್ನೇ. ನಾನು ಹೋಗಿ ಸಿಕ್ಕಸಿಕ್ಕ ವೈರುಗಳನ್ನೆಲ್ಲ ಕಿತ್ತು, ಉಫ್ ಎಂದು ಊದಿ, ಮತ್ತೆ ಚುಚ್ಚಿ, ಕಂಪ್ಯೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, "ನೋಡಿ, ಆಯ್ತು" ಎನ್ನುತ್ತಿದ್ದೆ. ಆಗುತ್ತಲೂ ಇತ್ತು. ಮರುದಿನ ಮತ್ತೆ ಕೆಟ್ಟರೆ ಅದು ಯಂತ್ರದ ಹಣೆಬರಹ, ನನ್ನದೇನೂ ತಪ್ಪಿಲ್ಲ. ಹೀಗೆ ಹದಿನೇಳು ವರ್ಷ ಗುಮಾಸ್ತಿಕೆಯ ಜೊತೆಗೆ ಪುಕ್ಕಟೆ ಜಂಬವನ್ನೂ ಮಾಡಿಕೊಂಡು ಬಂದವನು ನಾನು. ಆ ಜಂಬವನ್ನು ಎಂಟು ದಿನದಲ್ಲಿ ಇಳಿಸಿದ ಹೆಂಗಸಿನ ವಿಷಯ ಬರೆಯಲು ಕೂತಿದ್ದೇನೆ. ಹೊಗಳಿಕೆ ಜಾಸ್ತಿಯಾಯಿತು ಅನ್ನಿಸಿದರೆ ಆಗಲಿ, ನನಗೇನೂ ನಾಚಿಕೆಯಿಲ್ಲ.

ನಮ್ಮದು ಊರಿನ ದೂರು ಕೇಳುವ ಕಚೇರಿ. ನೀರು ಬರಲಿಲ್ಲ, ಬೀದಿದೀಪ ಉರಿಯಲಿಲ್ಲ, ಚರಂಡಿ ಕಟ್ಟಿತು ಎಂದು ಜನ ಫೋನ್ ಮಾಡುತ್ತಾರೆ. ಫೋನ್ ಎತ್ತುವ ಕೆಲಸಕ್ಕೆ ಆ ವರ್ಷ ಹೊಸಬಳೊಬ್ಬಳು ಬಂದಳು. ಹುಟ್ಟಿನಿಂದಲೇ ಕಣ್ಣು ಕಾಣದವಳು. ನಾವೆಲ್ಲ ಅವಳನ್ನು ತಂಗಿ ಎನ್ನುತ್ತಿದ್ದೆವು. ಕಂಪ್ಯೂಟರಿನ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಇದೆಯಾದರೂ ಇವಳ ಕಿವಿಯಲ್ಲಿ ಆಗಲೇ ದೂರು ಕೊಡುವವರ ಕೂಗಾಟ ತುಂಬಿರುತ್ತಿತ್ತು. ಅದಕ್ಕೆಂದೇ ಕೀಬೋರ್ಡಿನ ಮುಂದೆ ಉದ್ದನೆಯ ಬ್ರೈಲ್ ಪಟ್ಟಿಯೊಂದನ್ನು ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಜೋಡಿಸಿದ್ದರು. ಪರದೆಯ ಮೇಲಿನ ಸಾಲಿಗೆ ತಕ್ಕಂತೆ ಆ ಪಟ್ಟಿಯಲ್ಲಿ ಸಣ್ಣಸಣ್ಣ ಚುಕ್ಕೆಗಳು ಮೇಲೇಳುತ್ತವೆ, ಇಳಿಯುತ್ತವೆ. ಎಡಗೈ ಬೆರಳಿನಿಂದ ಅದನ್ನು ಸವರುತ್ತಾ, ಬಲಗೈಯಿಂದ ಟೈಪ್ ಮಾಡುತ್ತಾ, ಬಾಯಲ್ಲಿ "ಹೇಳಿ ಸರ್, ಬರ್ಕೊಂಡೆ" ಎನ್ನುವುದನ್ನು ನೋಡಿದರೆ ಎರಡು ಬೆರಳಲ್ಲಿ ಟೈಪ್ ಮಾಡುವ ನಮಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅವಳು ಸೇರಿದ ಮೊದಲ ವಾರವೇ ಅವಳ ಮೇಜನ್ನು ಅಣಿ ಮಾಡಿಕೊಟ್ಟವನು ನಾನು. ಪಾಪ, ಕಾಲಿಗೆ ವೈರು ಸಿಕ್ಕಿ ಬಿದ್ದಾಳು ಎಂದು, ಪಟ್ಟಿಯ ವೈರಿಗೆ ಇನ್ನೊಂದು ಉದ್ದದ ವೈರು ಸೇರಿಸಿ, ಮೇಜಿನ ಹಿಂದಿನಿಂದ ಸುತ್ತಿ ತಂದು, ನೀಲಿ ಕ್ಲಿಪ್ಪು ಹೊಡೆದು ಅಚ್ಚುಕಟ್ಟು ಮಾಡಿದ್ದೆ. ಒಂದೆಳೆಯೂ ಹೊರಗೆ ಕಾಣುತ್ತಿರಲಿಲ್ಲ. ನೋಡಿದವರೆಲ್ಲ ಭೇಷ್ ಎಂದಿದ್ದರು.

ಆದರೆ ಆ ಪಟ್ಟಿ ದಿನಕ್ಕೆ ಮೂರೋ ನಾಲ್ಕೋ ಸಲ ಇದ್ದಕ್ಕಿದ್ದಂತೆ ಸತ್ತುಹೋಗುತ್ತಿತ್ತು. ಚುಕ್ಕೆಗಳೆಲ್ಲ ಮಲಗಿ ಪಟ್ಟಿ ಸಪಾಟಾಗುತ್ತಿತ್ತು. ಅರ್ಧ ನಿಮಿಷ ಕಳೆದರೆ ತಾನೇ ಎದ್ದು ಕೂರುತ್ತಿತ್ತು. ಆ ಅರ್ಧ ನಿಮಿಷ ಅವಳು ತಡವರಿಸುತ್ತಿದ್ದಳು, ಆ ಕಡೆಯವರು ರೇಗುತ್ತಿದ್ದರು. ನಾವು ಹೋಗಿ ನೋಡುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತಿತ್ತು. ನಾನು ಎಂದಿನಂತೆ ಕಿತ್ತು, ಊದಿ, ಚುಚ್ಚಿ ಬರುತ್ತಿದ್ದೆ. ತಂದ ಅಂಗಡಿಗೆ ಎರಡು ಸಲ ಕಳಿಸಿದೆವು. ಪಟ್ಟಿಯಲ್ಲಿ ಯಾವ ದೋಷವೂ ಇಲ್ಲ ಎಂದು ಚೀಟಿ ಅಂಟಿಸಿ ವಾಪಸ್ ಕಳಿಸಿದರು. ನಿಧಾನಕ್ಕೆ ಕಚೇರಿಯಲ್ಲಿ ಬೇರೆ ಮಾತು ಹುಟ್ಟಿಕೊಂಡಿತು. "ಯಂತ್ರ ಸರಿಯಾಗಿದೆಯಂತೆ. ಕಷ್ಟದ ಕರೆ ಬಂದಾಗಲೇ ಯಾಕೆ ಕೈಕೊಡುತ್ತೆ? ಹುಡುಗಿಗೇ ಗಾಬರಿಯಾಗುತ್ತೆ ಅನ್ಸುತ್ತೆ" ಎಂದು ಸಾಹೇಬರೇ ಒಮ್ಮೆ ಅಂದರು. ಅವರು ಕೆಟ್ಟವರಲ್ಲ, ಆದರೆ ಅವಸರದವರು. ಆರು ತಿಂಗಳ ಪರೀಕ್ಷೆಯ ಅವಧಿ ಮುಗಿಯುತ್ತಾ ಬಂದಿತ್ತು. ಅವಳನ್ನು ಖಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂದು ತೀರ್ಮಾನಿಸುವ ಸಭೆಗೆ ಎಂಟೇ ಕೆಲಸದ ದಿನ ಉಳಿದಿದ್ದಾಗ, ಕೊನೆಯ ಪ್ರಯತ್ನವೆಂದು ಸಾಹೇಬರು ಹೊರಗಿನಿಂದ ರಿಪೇರಿಯವರೊಬ್ಬರನ್ನು ಕರೆಸಿದರು.

ಬಂದವರು ಐವತ್ತರ ಆಸುಪಾಸಿನ ಹೆಂಗಸು. ಹೆಗಲಿಗೊಂದು ಬಟ್ಟೆಯ ಚೀಲ, ಮೂಗಿನ ತುದಿಗೆ ಕನ್ನಡಕ. ಅವರನ್ನು ಬಲ್ಲವರೆಲ್ಲ ಒಂದೊಂದೇ ಅಕ್ಕ ಎನ್ನುತ್ತಾರೆಂದು ಸಾಹೇಬರು ನಗುತ್ತಾ ಪರಿಚಯಿಸಿದರು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು, ಬದಲಾಯಿಸಿದ ಮೇಲೆ ಕಾದು ನೋಡುವುದು, ಆಮೇಲಷ್ಟೇ ಇನ್ನೊಂದಕ್ಕೆ ಕೈಹಾಕುವುದು ಅವರ ಪದ್ಧತಿ. ಕೇಳಲು ಸುಲಭ. ಎಂಟು ದಿನ ಎದುರಿಗೆ ಕೂತು ನೋಡಿದವನಿಗೆ ಗೊತ್ತು, ಅದಕ್ಕೆ ಎಂಥ ಗುಂಡಿಗೆ ಬೇಕೆಂದು.

ಈ ಪದ್ಧತಿ ಅವರಿಗೆ ಯಾವ ತರಗತಿಯಲ್ಲೂ ಸಿಕ್ಕಿದ್ದಲ್ಲ. ಮಗಳು ಕೈಗೂಸಾಗಿದ್ದಾಗ ಮೈಯೆಲ್ಲ ಕೆಂಪು ದದ್ದು ಎದ್ದಿತ್ತಂತೆ. ಒಬ್ಬರು ಸೋಪು ಬದಲಾಯಿಸು ಎಂದರು, ಒಬ್ಬರು ಎಣ್ಣೆ ಎಂದರು, ಇನ್ನೊಬ್ಬರು ಹಾಲು ಎಂದರು. ಮೂರನ್ನೂ ಒಟ್ಟಿಗೇ ಬದಲಾಯಿಸಿದರು. ದದ್ದು ಹೋಯಿತು, ವಾರಕ್ಕೆ ಮತ್ತೆ ಬಂತು. ಆಗ ಅಕ್ಕ ಹಟ ಹಿಡಿದು ಒಂದೊಂದನ್ನೇ ನಾಲ್ಕು ನಾಲ್ಕು ದಿನ ಬಿಟ್ಟು ನೋಡಿದರು. ಕಳ್ಳ ಸಿಕ್ಕಿದ್ದು ಅತ್ತೆಯವರು ಮೊಮ್ಮಗಳಿಗೆಂದು ಕೈಯಾರೆ ಹೆಣೆದ ಉಣ್ಣೆಯ ಸ್ವೆಟರಿನಲ್ಲಿ. ಒಗೆಯಲು ಹಾಕಿದ ದಿನ ದದ್ದಿಲ್ಲ, ತೊಡಿಸಿದ ದಿನ ದದ್ದು. ಸೊಸೆ ನೇರವಾಗಿ ಹೇಳಿದಳು. ಅತ್ತೆ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಹತ್ತಿಯ ದಾರ ತರಿಸಿಕೊಂಡು ಮತ್ತೆ ಹೆಣೆಯಲು ಕೂತರು. "ಅವತ್ತಿಂದ ನಮ್ಮತ್ತೆಗೂ ನಂಗೂ ಏನೂ ಮುಚ್ಚುಮರೆ ಇಲ್ಲ. ಜಗಳ ಮಾತ್ರ ದಿನಾ ಇರುತ್ತೆ" ಎಂದು ಅಕ್ಕ ಹೇಳಿದ್ದು ನೆನಪಿದೆ.

ಆಮೇಲೊಮ್ಮೆ ನಾನು ಅವರ ಮನೆಗೂ ಹೋಗಿದ್ದೆ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಯಜಮಾನರು ಬಸ್ ಡ್ರೈವರು, ಮಾತು ಕಡಿಮೆ, ನಗು ಜಾಸ್ತಿ. ಗೋಡೆಯ ಮೊಳೆಗಳಿಗೆ ಸಾಲಾಗಿ ವೈರುಗಳನ್ನು ನೇತುಹಾಕಿ, ಪ್ರತಿಯೊಂದಕ್ಕೂ ಕಾಗದದ ತುಂಡು ಕಟ್ಟಿದ್ದರು. ಕೆಲವಕ್ಕೆ 'ಒಳ್ಳೆಯದು', ಕೆಲವಕ್ಕೆ 'ಅನುಮಾನ', ಒಂದೇ ಒಂದಕ್ಕೆ 'ಖಂಡಿತ ಕೆಟ್ಟದ್ದು'. ಕೆಟ್ಟದ್ದನ್ನು ಎಸೆಯಬಾರದೇ ಎಂದು ಕೇಳಿದೆ. "ಅಯ್ಯೋ, ಅದೇ ನನ್ನ ಆಸ್ತಿ. ಒಳ್ಳೇದು ಯಾವತ್ತು ಕೈಕೊಡುತ್ತೋ ಹೇಳಕ್ಕಾಗಲ್ಲ. ಇದು ಮಾತ್ರ ಯಾವತ್ತೂ ಕೆಲಸ ಮಾಡಲ್ಲ, ಅಷ್ಟು ನಂಬಿಕಸ್ಥ" ಎಂದರು. ಒಳಗಿನಿಂದ ಅತ್ತೆಯ ದನಿ ಬಂತು: "ನನ್ ಮಗನ ಕೊರಳಿಗೂ ಒಂದು ಚೀಟಿ ಕಟ್ಟೇ, ಯಾವ ಜಾತಿ ಅಂತ ಗೊತ್ತಾಗ್ಲಿ."

ಸರಿ, ಕಚೇರಿಗೆ ಬರೋಣ. ಮೊದಲನೆಯ ದಿನ ಅಕ್ಕ ಯಂತ್ರವನ್ನು ಮುಟ್ಟಲೇ ಇಲ್ಲ. ತಂಗಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, "ನಿಮ್ಮ ಪಕ್ಕ ಕೂತ್ಕೋಬಹುದಾ? ಕೆಲಸಕ್ಕೆ ತೊಂದರೆ ಆದ್ರೆ ಹೇಳಿ" ಎಂದು ಕೇಳಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತರು. ಪಟ್ಟಿ ಸತ್ತಾಗಲೆಲ್ಲ ಯಾವ ಹೊತ್ತು, ಯಾರ ಕರೆ, ಏನು ದೂರು ಎಂದು ಬರೆದುಕೊಂಡರು. ನಾಲ್ಕು ಸಲ ಸತ್ತಿತು. ನಾನು ದೂರದಿಂದ ನೋಡಿ ಮನಸ್ಸಿನಲ್ಲೇ ನಕ್ಕೆ. ಹೀಗೆ ಕೂತು ಬರೆಯುವುದಕ್ಕೆ ರಿಪೇರಿಯವರೇ ಯಾಕೆ ಬೇಕು?

ಎರಡನೆಯ ದಿನ ಪಟ್ಟಿಯಿಂದ ಹೊರಡುವ ವೈರನ್ನಷ್ಟೇ ಬದಲಾಯಿಸಿ, ಮತ್ತೆ ಇಡೀ ದಿನ ಕೂತರು. ಮೂರು ಸಲ ಸತ್ತಿತು. ಹಳೆಯ ವೈರನ್ನೇ ಮತ್ತೆ ಹಾಕಿದರು. ಮೂರನೆಯ ದಿನ ಅದನ್ನು ಕಂಪ್ಯೂಟರಿನ ಬೇರೊಂದು ಕಿಂಡಿಗೆ ಚುಚ್ಚಿ, ಸಾಹೇಬರ ಬಳಿ ಏನೋ ಮಾತಾಡಲು ಹೋದರು. ನನಗೆ ತಡೆಯಲಾಗಲಿಲ್ಲ. ದಿನಗಳು ಓಡುತ್ತಿವೆ, ಈ ಯಮ್ಮ ದಿನಕ್ಕೊಂದು ವೈರು ಹಿಡಿದು ಕೂತರೆ ಹುಡುಗಿಯ ಗತಿಯೇನು? ಮೆಲ್ಲಗೆ ಹೋಗಿ ಕಿಂಡಿ ಬದಲಾಯಿಸಿದೆ, ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದೆ, ಪಕ್ಕದ ಸ್ಕ್ಯಾನರಿನ ವೈರನ್ನೂ ಕಿತ್ತಿಟ್ಟೆ. ಮಧ್ಯಾಹ್ನವೆಲ್ಲ ಪಟ್ಟಿ ಒಮ್ಮೆಯೂ ಸಾಯಲಿಲ್ಲ. ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ಸಂಜೆ ಅಕ್ಕ ಬಗ್ಗಿ ಕಿಂಡಿಯ ಪಕ್ಕ ತಾವು ಹಾಕಿದ್ದ ಪೆನ್ಸಿಲ್ ಗುರುತನ್ನು ನೋಡಿದರು.

"ಯಾರು ಮುಟ್ಟಿದ್ದು?"

"ನಾನೇ ಅಕ್ಕಾ. ಆದ್ರೆ ನೋಡಿ, ಸರಿಹೋಯ್ತಲ್ಲ!"

"ಯಾವುದರಿಂದ ಸರಿಹೋಯ್ತು?"

ಮೂರು ಮಾಡಿದ್ದೆ, ಯಾವುದೆಂದು ಹೇಗೆ ಹೇಳಲಿ?

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸರಿ, ಒಂದು ದಿನ ಹೋಯ್ತು. ನಾಳೆ ಇದನ್ನೇ ಮತ್ತೆ ಮಾಡೋಣ. ನೀವೂ ಬಂದು ಕೂತ್ಕೊಳ್ಳಿ. ಕೈ ತೊಡೆ ಕೆಳಗೆ ಇಟ್ಕೊಂಡು" ಎಂದರು. ತಂಗಿ ಕಿಸಕ್ಕೆಂದು ನಕ್ಕಳು. ನಾಲ್ಕನೆಯ ದಿನ ಬೆಳಿಗ್ಗೆ ಹತ್ತಕ್ಕೇ ಪಟ್ಟಿ ಸತ್ತಿತು. ನನ್ನ ಜಂಬದ ಅರ್ಧ ಆವತ್ತೇ ಇಳಿಯಿತು.

ಐದನೆಯ ದಿನ, ಕೆಲಸವಿಲ್ಲದಾಗ ಕಂಪ್ಯೂಟರು ಕಿಂಡಿಗಳ ಕರೆಂಟು ಉಳಿಸುವ ಸೆಟ್ಟಿಂಗನ್ನು ತೆಗೆದು ನೋಡಿದರು. ಅದೂ ಅಲ್ಲ. ಸಭೆಗೆ ಇನ್ನು ಮೂರೇ ದಿನ. ತಂಗಿಯ ಮುಖ ಬಾಡಿತ್ತು. ಸಾಹೇಬರು ಎರಡು ಸಲ ಬಂದು ಗಡಿಯಾರ ನೋಡಿಕೊಂಡು ಹೋದರು. ನನಗೂ ಜೀವ ಹಿಡಿಯಾಗಿತ್ತು. ಅಕ್ಕ ಮಾತ್ರ ಮೊದಲ ದಿನದಷ್ಟೇ ಶಾಂತವಾಗಿ, ಡಬ್ಬಿಯಲ್ಲಿ ತಂದ ಹಣ್ಣಿನ ಹೋಳುಗಳನ್ನು ತಂಗಿಯ ಮುಂದೆ ಸರಿಸಿ, "ತಿನ್ನಿ. ಇದು ಏನೇನಲ್ಲ ಅನ್ನೋದು ಐದು ದಿನದಲ್ಲಿ ಗೊತ್ತಾಯ್ತು, ಅದೇನು ಕಡಿಮೆಯಾ?" ಎಂದರು.

ಆರನೆಯ ದಿನ ಬೆಳಿಗ್ಗೆ ಅವರು ತಾವು ಬರೆದುಕೊಂಡಿದ್ದ ಲೆಕ್ಕವನ್ನು ತಂಗಿಗೆ ಓದಿ ಹೇಳಿದರು. ಸತ್ತದ್ದು ಒಟ್ಟು ಹದಿನಾರು ಸಲ. ಹೊತ್ತಿಗೂ ಅದಕ್ಕೂ ಸಂಬಂಧವಿಲ್ಲ, ಬಿಸಿಲಿಗೂ ಸಂಬಂಧವಿಲ್ಲ. ನೀರಿನ ದೂರು, ದೀಪದ ದೂರು, ನಾಯಿಯ ದೂರು, ಎಲ್ಲವೂ ಕಲಸಿದೆ. "ನಂಗೇನೂ ಹೊಳೀತಿಲ್ಲಮ್ಮ. ಈ ಹದಿನಾರು ಜನರಲ್ಲಿ ನಿಮಗೇನಾದರೂ ಒಂದೇ ಥರ ಕಾಣುತ್ತಾ?"

ತಂಗಿ ಇನ್ನೊಂದು ಸಲ ಓದಿಸಿದಳು. ಮೂರನೆಯ ಸಲ ಓದುವಾಗ ತಡೆದಳು.

"ಅಕ್ಕಾ, ಇವರ್ಯಾರಿಗೂ ತಮ್ಮ ವಾರ್ಡ್ ನಂಬರ್ ಗೊತ್ತಿರಲಿಲ್ಲ."

"ಗೊತ್ತಿಲ್ಲದಿದ್ರೆ ನೀವೇನ್ ಮಾಡ್ತೀರಿ?"

"ಬೀದಿ ಹೆಸರು ಕೇಳ್ತೀನಿ. ಕೆಳಗಿನ ಡ್ರಾಯರ್‌ನಲ್ಲಿ ಬೀದಿಗಳ ಬ್ರೈಲ್ ಪುಸ್ತಕ ಇದೆ. ತೆಗೆದು ನೋಡಿ ಹೇಳ್ತೀನಿ."

ಅಕ್ಕನ ಕನ್ನಡಕ ಮೂಗಿನಿಂದ ಮೇಲೇರಿತು. "ಡ್ರಾಯರ್ ತೆಗೀರಿ, ಮುಚ್ಚಿ." ತೆಗೆದಳು, ಮುಚ್ಚಿದಳು. ಏನೂ ಆಗಲಿಲ್ಲ. ಇಪ್ಪತ್ತು ಸಲ ಮಾಡಿಸಿದರು. ಪಟ್ಟಿ ಹಾಯಾಗಿ ಕೆಲಸ ಮಾಡುತ್ತಿತ್ತು. ನಾನು ನಿಟ್ಟುಸಿರು ಬಿಟ್ಟೆ. ಅಕ್ಕ ಕೇಳಿದರು, "ಹೀಗೇ ಮುಚ್ತೀರಾ? ಆ ಕಡೆಯವರು ಬೈತಾ ಇದ್ದಾಗಲೂ?"

ತಂಗಿ ಪೆಚ್ಚಾಗಿ ನಕ್ಕಳು. "ಇಲ್ಲಕ್ಕ. ಆಗ ಒಂದು ಕೈ ಪುಸ್ತಕದ ಮೇಲೆ, ಇನ್ನೊಂದು ಪಟ್ಟಿ ಮೇಲೆ ಇರುತ್ತಲ್ಲ. ಮೊಣಕಾಲಲ್ಲಿ ತಳ್ತೀನಿ."

"ತಳ್ಳಿ ನೋಡೋಣ."

ಅವಳು ಮೊಣಕಾಲಿನಿಂದ ಡ್ರಾಯರನ್ನು ಧಡಾರನೆ ತಳ್ಳಿದಳು. ಪಟ್ಟಿಯ ಚುಕ್ಕೆಗಳೆಲ್ಲ ಒಟ್ಟಿಗೇ ಮಲಗಿದವು.

ಆರು ತಿಂಗಳು ಡಜನ್‌ಗಟ್ಟಲೆ ಸಲ ಆ ಮೇಜಿನ ಬಳಿ ಹೋಗಿದ್ದೆ. ನಮ್ಮ ಕೈಯಿಂದ ಪರೀಕ್ಷೆ ಮಾಡಿದ್ದೆವೇ ಹೊರತು ಅವಳು ಕೆಲಸ ಮಾಡುವ ಬಗೆಯಲ್ಲಿ ಒಮ್ಮೆಯೂ ಮಾಡಿರಲಿಲ್ಲ. ಕಣ್ಣಿದ್ದವರಿಗೆ ಆ ಡ್ರಾಯರಿನ ಅಗತ್ಯವೇ ಇರಲಿಲ್ಲ, ಅದರ ನೆನಪೂ ಬರಲಿಲ್ಲ. ಕಷ್ಟದ ಕರೆ ಬಂದಾಗಲೇ ಪಟ್ಟಿ ಸಾಯುತ್ತಿದ್ದುದೂ ನಿಜ. ಅದನ್ನು ಕಂಡು ಹುಡುಗಿಗೆ ಗಾಬರಿ ಎಂದು ನಾವೇ ಅರ್ಥ ಹಚ್ಚಿದ್ದೆವು.

ಅಕ್ಕ ಡ್ರಾಯರನ್ನು ಪೂರ್ತಿ ಹೊರಗೆಳೆದು, ಟಾರ್ಚ್ ಹಿಡಿದು ಒಳಗೆ ನೋಡಿದರು. ನಾನೂ ಬಗ್ಗಿ ನೋಡಿದೆ. ಎರಡು ವೈರು ಕೂಡುವ ಜಾಗ ಸರಿಯಾಗಿ ಡ್ರಾಯರಿನ ಬೆನ್ನ ಹಿಂದೆ, ಅಚ್ಚುಕಟ್ಟಾಗಿ ಸುತ್ತಿ, ನೀಲಿ ಕ್ಲಿಪ್ಪು ಹೊಡೆದು ಕೂರಿಸಿದಂತಿತ್ತು. ಮೆಲ್ಲಗೆ ಮುಚ್ಚಿದರೆ ಡ್ರಾಯರು ಅದರವರೆಗೆ ಹೋಗುತ್ತಿರಲಿಲ್ಲ. ಜೋರಾಗಿ ತಳ್ಳಿದರೆ ಹೋಗಿ ಗುದ್ದುತ್ತಿತ್ತು, ಕ್ಷಣಕಾಲ ಸಂಪರ್ಕ ತಪ್ಪುತ್ತಿತ್ತು. ನನ್ನ ಮೇಜಿನ ಫ್ಯಾನಿನ ವೈರಿಗೂ ಅಂಥವೇ ನೀಲಿ ಕ್ಲಿಪ್ಪುಗಳಿವೆ. ಕಚೇರಿಯಲ್ಲಿ ಬೇರೆ ಯಾರ ಬಳಿಯೂ ಇಲ್ಲ. ಅಕ್ಕ ಎದ್ದು ನಿಂತವರು ಒಮ್ಮೆ ನನ್ನ ಮೇಜಿನ ಕಡೆ ನೋಡಿದರು.

ಅವರು ಉದ್ದದ ವೈರನ್ನು ತೆಗೆದು, ಕಂಪ್ಯೂಟರಿನ ಡಬ್ಬವನ್ನೇ ಮೇಜಿನ ಮೇಲೆ ಹತ್ತಿರಕ್ಕೆ ತಂದು, ಪಟ್ಟಿಯ ಸ್ವಂತ ವೈರನ್ನೇ ನೇರವಾಗಿ ಜೋಡಿಸಿದರು. ಸಂಜೆಯವರೆಗೆ ಧಡಾರ್ ಧಡಾರ್ ಎಂದು ತಳ್ಳಿದ್ದೇ ತಳ್ಳಿದ್ದು, ಪಟ್ಟಿ ಅಲುಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಏಳನೆಯ ದಿನ ಬೆಳಿಗ್ಗೆ ನೋಡಿದರೆ ಅಕ್ಕ ಮತ್ತೆ ಆ ಉದ್ದದ ವೈರನ್ನು ಹಳೆಯ ಜಾಗದಲ್ಲೇ ಕೂರಿಸುತ್ತಿದ್ದಾರೆ!

"ಅಕ್ಕಾ, ತಲೆಗಿಲೆ ಕೆಟ್ಟಿದೆಯಾ? ಸರಿ ಇರೋದನ್ನ ಯಾಕೆ ಕೆಡಿಸ್ತೀರಿ?"

"ತೊಂದರೆ ಹೋಯ್ತು ಅನ್ನೋದು ಸಾಲದು. ಕರೆದಾಗ ಬರಬೇಕು, ಕಳಿಸಿದಾಗ ಹೋಗಬೇಕು. ಆಗ ಮಾತ್ರ ಇದೇ ಕಾರಣ ಅಂತ ಎದೆ ತಟ್ಟಿ ಹೇಳಬಹುದು."

ಕರೆದರು, ಬಂತು. ಕಳಿಸಿದರು, ಹೋಯಿತು. ಐದು ಸಲ ಹೀಗೆ ಮಾಡಿ ಬರೆದಿಟ್ಟುಕೊಂಡ ಮೇಲೆ ನನ್ನನ್ನು ವರಾಂಡದ ಕಡೆ ಕರೆದರು. ನಾನು ಬೈಗುಳಕ್ಕೆ ತಯಾರಾಗಿಯೇ ಹೋದೆ.

"ನಾಳೆ ಸಭೇಲಿ ಸಾಹೇಬರು ಏನ್ ಕೇಳ್ತಾರೆ ಗೊತ್ತಾ? 'ಈ ತೊಂದರೆ ಈಗ ಶುರುವಾಯ್ತೋ, ಮೊದಲಿಂದಲೂ ಇತ್ತೋ' ಅಂತ. ಈಗ ಅಂದ್ರೆ, ಹಿಂದಿನ ಆರು ತಿಂಗಳ ತಪ್ಪೆಲ್ಲ ಆ ಹುಡುಗಿ ತಲೆಗೇ ಬರುತ್ತೆ. ಯಾಕೆ ಆಗ್ತಿತ್ತು ಅನ್ನೋದು ನಂಗೊತ್ತು. ಯಾವತ್ತಿಂದ ಅನ್ನೋದು ನಂಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಾನು ಹೇಳಲ್ಲ." ಇಷ್ಟು ಹೇಳಿ ಚೀಲ ಹೆಗಲಿಗೇರಿಸಿ ಹೋದರು. ನನ್ನ ಹೆಸರೆತ್ತಲಿಲ್ಲ, ಕ್ಲಿಪ್ಪಿನ ಮಾತೂ ಆಡಲಿಲ್ಲ. ಅವರ ಮೇಲೆ ನನಗೆ ಆವತ್ತು ಕೆಟ್ಟ ಕೋಪ ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಸಭೆಯಲ್ಲಿ ಅಕ್ಕ ತಮ್ಮ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದರು. ಸಾಹೇಬರು ತಲೆದೂಗಿದರು. ಆಮೇಲೆ ಆ ಪ್ರಶ್ನೆ ಬಂದೇ ಬಂತು. "ಒಳ್ಳೇದಾಯ್ತು. ಆದ್ರೆ ಈ ವೈರು ಇತ್ತೀಚೆಗೆ ಸರಿದಿರಬಹುದಲ್ಲ? ಮೊದಲ ತಿಂಗಳಿಂದಲೂ ದೂರುಗಳಿವೆ. ಇನ್ನಾರು ತಿಂಗಳು ನೋಡೋಣ ಅಂತ ಬರೆಯೋಣವೇ?"

ತಂಗಿ ತಲೆ ತಗ್ಗಿಸಿ ಕೂತಿದ್ದಳು. ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ಕಣ್ಣು ತಪ್ಪಿಸುತ್ತಿದ್ದೆ.

ನಾನು ಎದ್ದು ನಿಂತೆ. "ಸರ್, ಅದು ಸರಿದಿದ್ದಲ್ಲ. ಕ್ಲಿಪ್ ಹೊಡೆದು ಕೂರಿಸಿದ್ದು. ಕೂರಿಸಿದ್ದು ನಾನೇ. ಅವಳು ಸೇರಿದ ಮೊದಲ ವಾರ."

ಸಾಹೇಬರು ನನ್ನನ್ನು ದೀರ್ಘವಾಗಿ ನೋಡಿ, ಪೆನ್ನು ಎತ್ತಿಕೊಂಡು, ಅವಳನ್ನು ಖಾಯಂ ಮಾಡಿದ್ದಾಗಿ ಬರೆದರು.

ಹೊರಗೆ ವರಾಂಡದಲ್ಲಿ ತಂಗಿ ಗೋಡೆ ಸವರುತ್ತಾ ನನ್ನ ಬಳಿ ಬಂದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

"ಅಣ್ಣಾ, ಪಟ್ಟಿ ಸರಿಯಾಗಿದೆ ಅಂತ ಅಂಗಡಿಯವರು ಎರಡು ಸಲ ಬರೆದು ಕೊಟ್ರಲ್ಲ? ಅವತ್ತಿಂದ ದಿನಾ ಮನೆಗೆ ಹೋಗಿ ಮಕ್ಕಳ ಅಕ್ಷರದ ಪುಸ್ತಕ ತೆಗೆದು ಮೊದಲ ಪುಟದಿಂದ ಓದ್ತಿದ್ದೆ. ನನ್ನ ಬೆರಳೇ ಮಂದ ಆಗ್ತಿದೆ ಅಂದ್ಕೊಂಡಿದ್ದೆ. ಅಮ್ಮನಿಗೂ ಹೇಳಿರಲಿಲ್ಲ."

ಕೋಪವೇನೂ ಇರಲಿಲ್ಲ ಆ ದನಿಯಲ್ಲಿ. ಹಗುರವಾದವರ ದನಿ ಅದು. ಒಳಗೆ ಫೋನು ಹೊಡೆದುಕೊಳ್ಳತೊಡಗಿತು. "ಹೋದೆ, ನನ್ನ ಕೆಲಸ" ಎಂದು ಅವಳು ಸರಸರ ಹೋದಳು. ನಾನು ಅಲ್ಲೇ ನಿಂತು ಅತ್ತುಬಿಟ್ಟೆ, ನಲವತ್ತೆಂಟು ವರ್ಷದ ಗಂಡಸು. ಹಿಂದೆಯೇ ಹೊರಬಂದಿದ್ದ ಅಕ್ಕ ಸಮಾಧಾನ ಹೇಳಲಿಲ್ಲ. ಬಸ್ಸಿಗೆ ಹೊತ್ತಾಗಿದ್ದರೂ ನನ್ನ ಅಳು ನಿಲ್ಲುವವರೆಗೆ ಪಕ್ಕದಲ್ಲೇ ನಿಂತಿದ್ದರು.